ಒಂದು ಸ್ವರ ಕೆಳಗೆ

ಫೆಬ್ರವರಿ 3, ಸೋಮವಾರ

ರೇಡಿಯೋದವರು ಫೋನ್ ಮಾಡಿದ್ದರು! ಜನವರಿ ಪೂರ್ತಿ ಖಾಲಿ ಬಿಟ್ಟಿದ್ದ ಈ ಡೈರಿಯನ್ನು ಇದೊಂದನ್ನು ಬರೆಯುವುದಕ್ಕೆಂದೇ ಕಪಾಟಿನಿಂದ ಎಳೆದು ತೆಗೆದೆ. ಎಂಥೆಂಥವರೋ ಡೈರಿ ಬರೆಯುತ್ತಾರೆ, ನಾನು ಬರೆದರೆ ಯಾರಪ್ಪನ ಗಂಟು ಹೋಗುತ್ತದೆ.

ಶುಕ್ರವಾರ ಸಂಜೆ ಊರಿನ ಒಂದೊಂದು ಹೊಸ ಬ್ಯಾಂಡನ್ನು ಕೇಳುಗರಿಗೆ ಪರಿಚಯ ಮಾಡಿಕೊಡುವ ಕಾರ್ಯಕ್ರಮ ಅವರದು. ನಾವು ಹಾಡು ಕಳಿಸಿ ಎಷ್ಟೋ ಕಾಲವಾಗಿತ್ತು. ನಾನಂತೂ ಎಳ್ಳುನೀರು ಬಿಟ್ಟಿದ್ದೆ. ಮಾರ್ಚ್ ಮಧ್ಯದಲ್ಲಿ ಅವರ ಸ್ಟುಡಿಯೋಗೆ ಹೋಗಿ, ಒಂದಷ್ಟು ಜನರ ಮುಂದೆ ಮೂರು ಹಾಡು ಹಾಡಬೇಕು. ರೆಕಾರ್ಡ್ ಮಾಡಿಕೊಂಡು ಏಪ್ರಿಲ್‌ನಲ್ಲಿ ಹಾಕುತ್ತಾರೆ. ಅದು ಚೆನ್ನಾಗಿ ಬಂದರೆ ಅವರು ಬೇಸಿಗೆಯಲ್ಲಿ ನಡೆಸುವ ಬಯಲು ವೇದಿಕೆಯ ಕಾರ್ಯಕ್ರಮವೂ ನಮಗೇ. ಆ ವೇದಿಕೆ ಹತ್ತಿದವರು ಮತ್ತೆ ಮದುವೆಮನೆಗಳಲ್ಲಿ ಬಾರಿಸಿದ್ದನ್ನು ನಾನು ಕಂಡಿಲ್ಲ.

ನಿರೂಪಕಿಯ ಮಾತನ್ನು ಹಾಗೇ ಬರೆದಿಡುತ್ತೇನೆ: "ನಿಮ್ಮ ‘ಮೂರನೇ ಮಹಡಿ’ ಹಾಡಿನ ಕೊನೇಲಿ ನಿಮ್ಮ ಹಾಡುಗಾರ್ತಿ ಒಂದೇ ಸಲ ಮೇಲಕ್ಕೆ ಹೋಗ್ತಾರಲ್ಲ, ಅದನ್ನ ಕೇಳಿ ನಮ್ಮ ಆಫೀಸಲ್ಲಿ ಎಲ್ಲ ಮಾತು ನಿಲ್ಸಿಬಿಟ್ರು. ನಮಗೆ ಅದು ಬೇಕು." ಆ ಜಾಗದಲ್ಲಿ ಮಾತು ‘ಇಳಿದು ಬಾ’ ಅನ್ನುತ್ತದೆ, ರಾಗ ಮಾತ್ರ ಮೇಲೇರುತ್ತಾ ಹೋಗುತ್ತದೆ. ಕಟ್ಟಿದವನು ನಾನೇ. ಬೆನ್ನು ತಟ್ಟಿಕೊಳ್ಳಲು ಕೈ ಸಿಗುತ್ತಿಲ್ಲ.

ಬ್ಯಾಂಡಿನ ಪರಿಚಯ ನಾಲ್ಕು ಸಾಲು ಬರೆದುಕೊಡಿ ಅಂದರು. ಬರೆದೆ. ಹೆಸರು ‘ಬಾಡಿಗೆಗಿದೆ’. ನಾವು ಪ್ರಾಕ್ಟೀಸ್ ಮಾಡುವ ಹಾಸಿಗೆ ಗೋದಾಮಿನ ಬಾಗಿಲಿಗೆ ಯಾರೋ ತಗುಲಿಹಾಕಿದ್ದ ಬೋರ್ಡು ಅದು; ಕೀಳಲು ಸೋಮಾರಿತನವಾಗಿ ಅದನ್ನೇ ಹೆಸರು ಮಾಡಿಕೊಂಡೆವು. ಡ್ರಮ್ ಬಾರಿಸುವವನಿಗೆ ನಾವು ಸಾಹುಕಾರ ಅನ್ನುತ್ತೇವೆ. ಗೋದಾಮು ಅವನ ಮಾವನದು, ಅವನು ಅಲ್ಲಿ ಹಾಸಿಗೆ ಮಾರುವವನು ಅಷ್ಟೆ. ಬೇಸ್ ಗಿಟಾರಿನವನು ಲಿಫ್ಟ್ ರಿಪೇರಿ ಮಾಡುತ್ತಾನೆ, ಅವನ ಹೆಸರೂ ಲಿಫ್ಟು. ಅವನ ಬಾಯಿಂದ ಮಾತು ಬರಬೇಕಾದರೆ ಗುಂಡಿ ಒತ್ತಿ ಕಾಯಬೇಕು. ಗಿಟಾರು ನಾನು. ಹಗಲೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಮನುಷ್ಯ.

ಹಾಡುವವಳು ನನ್ನ ತಂಗಿ ಪುಟ್ಟಿ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಅವಳದು. ಊರಿನವರೆಲ್ಲ ಅವಳ ದನಿ ಕೇಳಿದ್ದಾರೆ, ಮುಖ ಕಂಡವರಿಲ್ಲ. ಇನ್ನು ಕಾಣುತ್ತಾರೆ. ವಿಷಯ ಹೇಳಿದ ಕೂಡಲೇ ಅಡುಗೆಮನೆಯಲ್ಲಿ ನನ್ನ ಕೊರಳಿಗೆ ಜೋತುಬಿದ್ದಳು. ಅಮ್ಮ, "ಒಲೆ ಮುಂದೆ ಕುಣೀಬೇಡಿ ಕತ್ತೆಗಳಾ" ಅಂದಳು. ಅವಳೂ ನಗುತ್ತಿದ್ದಳು.

ಫೆಬ್ರವರಿ 9, ಭಾನುವಾರ

ಪ್ರಾಕ್ಟೀಸ್ ಅರ್ಧಕ್ಕೇ ನಿಲ್ಲಿಸಿದೆ. ಪುಟ್ಟಿಯ ದನಿ ಒಡೆಯುತ್ತಿದೆ. ಮೊದಲ ಹಾಡಿಗೇ ಕೆರೆದುಕೊಂಡು ಬಂತು, ಎರಡನೆಯದಕ್ಕೆ ಮಧ್ಯದಲ್ಲಿ ಗಾಳಿಯಷ್ಟೇ. ನಿಲ್ದಾಣದಲ್ಲಿ ಜೊತೆಯವಳು ಹೆರಿಗೆ ರಜೆಯಲ್ಲಿದ್ದಾಳಂತೆ, ಇವಳೊಬ್ಬಳೇ ಎರಡೂ ಪಾಳಿ ಕಿರುಚುತ್ತಿದ್ದಾಳೆ.

"ಇನ್ನೊಂದ್ಸಲ ನೋಡೋಣ ಅಣ್ಣಾ, ಬಿಸಿ ನೀರು ಕುಡಿದ್ರೆ ಸರಿ ಹೋಗತ್ತೆ" ಅಂದಳು.

"ನೋಡೋದೂ ಇಲ್ಲ ಏನೂ ಇಲ್ಲ. ಬಾಯಿ ಮುಚ್ಕೊಂಡು ಕೂತ್ಕೊ" ಎಂದು ಗದರಿದೆ. ಸಾಹುಕಾರ ಗೊಣಗಿದ, ಇನ್ನು ಉಳಿದಿರುವುದೇ ಸ್ವಲ್ಪ ದಿನ ಅಂತ. ಅವನ ಮೇಲೂ ಹಾರಿಬಿದ್ದೆ. ರೇಡಿಯೋ ಇವತ್ತಿಲ್ಲದಿದ್ದರೆ ನಾಳೆ ಸಿಗುತ್ತದೆ, ತಂಗಿಯ ಗಂಟಲು ನಿನ್ನ ಮಾವನ ಗೋದಾಮಿನಲ್ಲಿ ಸಿಗುತ್ತದೇನೋ ಅಂದೆ. ಲಿಫ್ಟು ಅವಳ ಚೀಲ ಎತ್ತಿಕೊಂಡು ಬಾಗಿಲ ತನಕ ಬಂದ.

ಫೆಬ್ರವರಿ 12, ಬುಧವಾರ

ಅಂಗಡಿಗೆ ರಜೆ ಹಾಕಿ ಅವಳನ್ನು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂಗಿನೊಳಗೆ ತೆಳ್ಳಗಿನ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಬಿಳೀ ಮಡಿಕೆಗಳು, ತೆರೆಯುತ್ತ ಮುಚ್ಚುತ್ತ. ಅದೇ ಅವಳ ದನಿಯಂತೆ! ಅಷ್ಟು ಸಣ್ಣ ಮಾಂಸದ ತುಣುಕಿನಿಂದ ಅಷ್ಟು ದೊಡ್ಡ ನಿಲ್ದಾಣ ನಡೆಯುತ್ತದೆ. ಎರಡರ ಅಂಚಿನಲ್ಲೂ ಒಂದೊಂದು ಗಂಟು.

"ಜಡ್ಡುಗಟ್ಟಿದೆ" ಅಂದರು ಡಾಕ್ಟರು. ನನ್ನ ಬೆರಳಿನ ತುದಿಯನ್ನು ಮುಟ್ಟಿ, "ತಂತಿ ಒತ್ತಿ ಒತ್ತಿ ನಿಮಗೆ ಹೀಗಾಗಿದೆಯಲ್ಲ, ಹಾಗೇ. ಆದ್ರೆ ಬೆರಳಿಗೆ ಇದು ರಕ್ಷಣೆ, ಗಂಟಲಿಗೆ ಇದು ರೋಗ. ಪಕ್ಕದಲ್ಲೊಂದು ರಕ್ತನಾಳ ಉಬ್ಬಿದೆ ನೋಡಿ. ಅದು ಒಡೆದ್ರೆ ಮಾತಾಡೋ ದನಿ ವಾಪಸ್ ಬರಬಹುದು, ಹಾಡೋದು ಬರತ್ತೆ ಅಂತ ನಾನು ಮಾತು ಕೊಡಲ್ಲ" ಅಂದರು.

ಪುಟ್ಟಿ ಮಾರ್ಚ್ ವಿಷಯ ಹೇಳಿದಳು. ಅವರು ತುಂಬಾ ಹೊತ್ತು ತಲೆ ಕೆರೆದುಕೊಂಡರು. ಮೈಕಿನ ಕೆಲಸ ಬಿಡಬೇಕು, ಮನೆಯಲ್ಲಿ ಮಾತು ಬಂದ್, ಪಿಸುಮಾತೂ ಕೂಡದು. ಹಾಡಲೇಬೇಕಿದ್ದರೆ ಪೂರ್ತಿ ಒಂದು ಸ್ವರ ಕೆಳಗಿಳಿಸಿ, ಕೊನೆಯ ಆ ಕೂಗು ಇಲ್ಲದೆ. ಇಷ್ಟಕ್ಕೆ ಒಪ್ಪಿದರು.

ಹೊರಗೆ ಮೆಟ್ಟಿಲ ಮೇಲೆ ಅವಳು ಅತ್ತಳು. "ಹೆದರ್ಬೇಡ ಕಣೇ, ಶ್ರುತಿ ನನ್ನ ಕೈಲಿದೆ. ಇಳಿಸಿಕೊಡ್ತೀನಿ, ನೀನು ಆರಾಮಾಗಿ ಹಾಡು. ಅಣ್ಣ ಅಂತ ಇರೋದು ಯಾತಕ್ಕೆ ಮತ್ತೆ" ಅಂದೆ. ಮನೆಗೆ ಬಂದು ಅಮ್ಮನಿಗೂ ಅದೇ ಮಾತು ಕೊಟ್ಟೆ.

ಫೆಬ್ರವರಿ 16, ಭಾನುವಾರ

ಶ್ರುತಿ ಇಳಿಸಿ ಮೊದಲ ಪ್ರಾಕ್ಟೀಸ್. ನಮ್ಮಲ್ಲಿ ಮೊದಲಿಂದ ಒಂದು ರೂಢಿ. ಶ್ರುತಿ ನೋಡುವ ಪುಟ್ಟ ಯಂತ್ರ ಇರುವುದು ಒಂದೇ, ಅದು ನನ್ನ ಗಿಟಾರಿನ ತಲೆಗೆ ಕಚ್ಚಿಕೊಂಡಿರುತ್ತದೆ. ನಾನು ಬಿರಡೆ ತಿರುಗಿಸಿ ತಂತಿ ಕೂರಿಸಿಕೊಳ್ಳುತ್ತೇನೆ, ಲಿಫ್ಟು ನನ್ನ ತಂತಿ ಕೇಳಿ ಬೇಸ್ ಕೂರಿಸಿಕೊಳ್ಳುತ್ತಾನೆ, ಪುಟ್ಟಿ ನಮ್ಮಿಬ್ಬರನ್ನು ಕೇಳಿ ಎತ್ತಿಕೊಳ್ಳುತ್ತಾಳೆ. ಯಾವತ್ತೂ ಯಾರೂ ಎಷ್ಟಕ್ಕಿದೆ ಎಂದು ನನ್ನನ್ನು ಕೇಳಿದವರಲ್ಲ.

ತಂತಿ ಸಡಿಲವಾಗಿ ಹಗ್ಗದ ಹಾಗೆ ಬಡಿದಾಡುತ್ತದೆ. "ಒದ್ದೆ ಹಾಸಿಗೆ ಮೇಲೆ ಬಡಿದ ಹಾಗಿದೆ ಮಾರಾಯ" ಅಂದ ಸಾಹುಕಾರ. ಅವನಿಗೆ ಹಾಸಿಗೆ ಬಿಟ್ಟರೆ ಬೇರೆ ಹೋಲಿಕೆಯೇ ಹೊಳೆಯುವುದಿಲ್ಲ, ಆದರೆ ಮಾತು ನಿಜ. ಪುಟ್ಟಿ ಮಾತ್ರ ಕಣ್ಣು ಮುಚ್ಚಿ ಸಲೀಸಾಗಿ ಹಾಡಿದಳು. ಮುಗಿಸಿ, ಹಾಸಿಗೆಯ ರಾಶಿಯ ಮೇಲೆ ಉರುಳಿಕೊಂಡು, "ಅಣ್ಣಾ, ಹಾಡಿದ್ದೇ ಗೊತ್ತಾಗ್ಲಿಲ್ಲ!" ಅಂದಳು.

ಕೇಳಿದವರಿಗೂ ಗೊತ್ತಾಗಲಿಲ್ಲ, ಅದೇ ತೊಂದರೆ. ಇರಲಿ. ಗಂಟಲು ಮುಖ್ಯ.

ಮನೆಯಲ್ಲಿ ಅವಳು ಮಾತಾಡುವುದಿಲ್ಲ. ಬೇಕಾದ್ದಕ್ಕೆ ತಟ್ಟೆಗೆ ಚಮಚ ಬಡಿಯುತ್ತಾಳೆ. "ಹುಟ್ಟಿದಾಗಿನಿಂದ ಇವತ್ತೇ ನೋಡು ಮನೇಲಿ ಶಾಂತಿ" ಎಂದು ಅಮ್ಮ ತಮಾಷೆ ಮಾಡಿದಳು. ಆಮೇಲೆ ಅವಳೇ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನಿಲ್ದಾಣದವರು ಪುಟ್ಟಿಯನ್ನು ಟಿಕೆಟ್ ಕಿಂಡಿಗೆ ಕೂರಿಸಿದ್ದಾರೆ. ಮೈಕಿಗೆ ತಾತ್ಕಾಲಿಕವಾಗಿ ಯಾರೋ ಗಂಡಸು. ಬಸ್ಸು ಬಂತು ಅನ್ನುವುದನ್ನು ಸಾವಿನ ಸುದ್ದಿಯಂತೆ ಹೇಳುತ್ತಾನೆ.

ಫೆಬ್ರವರಿ 21, ಶುಕ್ರವಾರ

ಹೊಸ ಶ್ರುತಿಯ ಹಾಡನ್ನು ನಿರೂಪಕಿಗೆ ಕಳಿಸಿದ್ದೆ. ಇವತ್ತು ಫೋನ್ ಬಂತು. ಬೆಣ್ಣೆಯಂಥ ಮಾತು, ಒಳಗೆ ಚಾಕು.

"ಚೆನ್ನಾಗಿದೆ, ತುಂಬಾ ನೀಟಾಗಿದೆ. ಆದ್ರೆ ಮೊದಲಿನ ಆ ಕಾವು ಇಲ್ವಲ್ಲ? ಅವರಿಗೆ ಹುಷಾರಿಲ್ವಾ? ಹುಷಾರಿಲ್ಲದಿದ್ರೆ ಹೇಳ್ಬಿಡಿ, ಪರವಾಗಿಲ್ಲ. ಇನ್ನೊಂದು ಬ್ಯಾಂಡಿನವರು ಕಾಯ್ತಾ ಇದ್ದಾರೆ."

"ಇಲ್ಲ ಇಲ್ಲ, ಅವಳು ಗಟ್ಟಿಯಾಗಿದ್ದಾಳೆ, ಅದು ಪ್ರಾಕ್ಟೀಸಿನ ರೆಕಾರ್ಡು ಅಷ್ಟೆ" ಅಂದುಬಿಟ್ಟೆ. ಬಾಯಿಗೆ ತಾನಾಗಿ ಬಂತು. ಆಮೇಲೆ ಗಾಜು ಉಜ್ಜುವಾಗ ಒಂದು ಜೊತೆ ಹಾಳಾಯಿತು. ಯಜಮಾನರು ಗೋಡೆಗೆ ಹೇಳುವಂತೆ ನನಗೆ ನಾಲ್ಕು ಮಾತು ಹೇಳಿದರು.

ಸಾಹುಕಾರನಿಗೆ, ಲಿಫ್ಟಿಗೆ ಹೇಳಲಿಲ್ಲ. ಪುಟ್ಟಿಗೆ ಹೇಳಿದರೆ ಸುಮ್ಮನೆ ಕೊರಗುತ್ತಾಳೆ. ಎಲ್ಲರ ಭಾರ ಹೊರುವುದಕ್ಕೆ ನಾನೊಬ್ಬ ಸಿಕ್ಕಿದ್ದೇನೆ.

ಫೆಬ್ರವರಿ 23, ಭಾನುವಾರ

ಇವತ್ತು ಒಂದು ಚೂರು, ನಿಜಕ್ಕೂ ಒಂದೇ ಚೂರು ಏರಿಸಿ ನೋಡಿದೆ. ಯಾರಿಗೂ ಗೊತ್ತಾಗಲಿಲ್ಲ. ಪುಟ್ಟಿಗೂ.

ತಂತಿಗೆ ಜೀವ ಬಂತು.

ಫೆಬ್ರವರಿ 25, ಮಂಗಳವಾರ

ಅಂಗಡಿಯಲ್ಲಿ ಯೋಚಿಸುತ್ತಿದ್ದೆ. ಹೊಸ ಕನ್ನಡಕ ಹಾಕಿದವರೆಲ್ಲ ಮೊದಲ ದಿನ ತಲೆ ಸುತ್ತುತ್ತದೆ ಅಂತಲೇ ಬರುತ್ತಾರೆ. ಯಜಮಾನರು, ನಾಲ್ಕು ದಿನ ಹಾಕ್ಕೊಳ್ಳಿ ಸರಿ ಹೋಗತ್ತೆ ಅನ್ನುತ್ತಾರೆ. ಸರಿ ಹೋಗುತ್ತದೆ ಕೂಡ. ಕಣ್ಣು ಹೊಂದಿಕೊಳ್ಳುತ್ತದೆ ಎಂದರೆ ಗಂಟಲು ಯಾಕೆ ಹೊಂದಿಕೊಳ್ಳಬಾರದು? ಡಾಕ್ಟರುಗಳಿಗೆ ಹೆದರಿಸುವುದೇ ಕಸುಬು. ವಿಶ್ರಾಂತಿಯಿಂದ ಅವಳ ಗಂಟು ಕರಗಿರಲೂಬಹುದು. ಮುಖದ ಕಳೆಯೂ ಎಷ್ಟೋ ವಾಸಿ.

ಮಾರ್ಚ್ 2, ಭಾನುವಾರ

ಅರ್ಧ ಸ್ವರ ಏರಿಸಿದೆ. ಅಂದರೆ ಅರ್ಧ ಇನ್ನೂ ಕೆಳಗೇ ಇದೆ. ಇದು ಮೋಸ ಅನ್ನುವುದಾದರೆ ಅರ್ಧ ಮೋಸ.

ಹಾಡು ಮುಗಿದ ಮೇಲೆ ಪುಟ್ಟಿ ಗೋಡೆಗೊರಗಿ ಕೂತಳು. "ಯಾಕೋ ಇವತ್ತು ಸುಸ್ತು. ಇಳಿಸಿದ ಶ್ರುತಿಗೇ ಹಿಂಗಾದ್ರೆ ನನ್ನ ಕತೆ ಏನಣ್ಣಾ? ನನ್ನ ಕೈಲಿ ಇನ್ನು ಆಗಲ್ವೇನೋ" ಅಂದಳು.

"ಎಲ್ಲಾ ನಿನ್ನ ತಲೇಲಿರೋದು. ನಿನಗೆ ಹೆದರಿಕೆ, ಅಷ್ಟೆ" ಅಂದೆ. ಬೆನ್ನು ತಟ್ಟಿದೆ. ಸ್ವಲ್ಪ ಕೆಟ್ಟದೆನಿಸಿತು. ಅವಳನ್ನು ಬಸ್ಸಿಗೆ ಹತ್ತಿಸಿ ಟೀ ಕುಡಿದೆ, ಸರಿಹೋಯಿತು. ಮನೆಗೆ ಬರುವ ಮುಂಚೆ ಗೋದಾಮಿನಲ್ಲೇ ತಂತಿಗಳನ್ನು ಮತ್ತೆ ಒಂದು ಸ್ವರ ಇಳಿಸಿಕೊಂಡು ಬಂದೆ. ಮನೆಯಲ್ಲಿ ಅವಳು ಬೇಜಾರಾದಾಗ ನನ್ನ ಗಿಟಾರು ಎತ್ತಿಕೊಂಡು ತನಗೆ ಬರುವ ನಾಲ್ಕು ಕಾರ್ಡಿನ ಪಟ್ಟು ಹಿಡಿದು ಬಾರಿಸುತ್ತಾಳೆ. ಯಾಕೆ ಬೇಕು ಸುಮ್ಮನೆ ತಲೆಬಿಸಿ.

ಮಾರ್ಚ್ 9, ಭಾನುವಾರ

ಸಾಹುಕಾರನಿಗೆ ಖುಷಿ, ಹಳೇ ಬ್ಯಾಂಡು ವಾಪಸ್ ಬಂತು ಅಂತಾನೆ. ಪೂರ್ತಿ ಏರಿಸಿಲ್ಲ, ಇನ್ನೊಂದು ಕೂದಲೆಳೆಯಷ್ಟು ಬಾಕಿ ಇದೆ. ಗಾಯಕಿಗೆ ಎರಡು ಸಲ ಕೆಮ್ಮು ಬಂತು. ಮೂರನೇ ಹಾಡಿನ ಕೊನೆಯ ಕೂಗನ್ನು ಅವಳು ಬಿಟ್ಟೇ ಹಾಡುತ್ತಿದ್ದಾಳೆ, ಡಾಕ್ಟರು ಹೇಳಿದ ಹಾಗೆ.

ಪ್ರಾಕ್ಟೀಸ್ ಮುಗಿದು ಎಲ್ಲ ಕಟ್ಟಿಡುವಾಗ ಲಿಫ್ಟು ನನ್ನ ಪಕ್ಕ ಬಂದು ನಿಂತ.

"ತಂತಿ ಬಿಗಿಯಾಗಿದೆ" ಅಂದ.

"ಹೊಸ ತಂತಿ" ಅಂದೆ.

"ನನ್ನದು ಹಳೇದೇ."

"ನಿನಗೆ ಬೇಸ್ ಬಾರಿಸೋಕೆ ಕರೆದಿರೋದೋ, ಪಂಚಾಯ್ತಿ ಮಾಡೋಕೋ?" ಎಂದು ರೇಗಿದೆ. ವೈರು ಸುತ್ತಿಕೊಂಡು ಹೋದ. ಮಾತಾಡದವರು ಬಾಯಿ ಬಿಟ್ಟರೆ ಹೀಗೇ, ತಲೆಕೆಡಿಸಿಯೇ ಹೋಗುತ್ತಾರೆ.

ಮಾರ್ಚ್ 14, ಶುಕ್ರವಾರ

ನಾಳೆ. ಅಮ್ಮ ಅವಳಿಗೆ ಎರಡು ಹೊತ್ತೂ ಸೂಪು ಕುಡಿಸಿದಳು. ನನ್ನ ಅಂಗಿಗೂ ಇಸ್ತ್ರಿ ಮಾಡಿದಳು. "ನಿನ್ನ ನಂಬಿ ಕಳಿಸ್ತಿದೀನಿ ಕಣೋ" ಅಂದಳು. ಅಮ್ಮನದು ಯಾವಾಗಲೂ ನಾಟಕ ಸ್ವಲ್ಪ ಜಾಸ್ತಿ.

ಮಾರ್ಚ್ 15, ಶನಿವಾರ

ಏನು ಹಾಡಿದಳು! ಏನು ಹಾಡಿದಳು!

ಗೋಡೆಗೆಲ್ಲ ಬೂದು ಸ್ಪಂಜು ಅಂಟಿಸಿದ ಸ್ಟುಡಿಯೋ, ಕುರ್ಚಿಗಳಲ್ಲಿ ಜನ, ಗಾಜಿನ ಆಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ನಿರೂಪಕಿ. ನಾನು ಮೂಲೆಗೆ ತಿರುಗಿ ಬಿರಡೆ ತಿರುಗಿಸಿದೆ. ಪೂರ್ತಿ. ಮೊದಲು ಎಲ್ಲಿತ್ತೋ ಅಲ್ಲಿಗೆ. ಲಿಫ್ಟು ತನ್ನ ತಂತಿ ಕೂರಿಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಡೆ ನೋಡಲಿಲ್ಲ. ಕೆಂಪು ದೀಪ ಹತ್ತಿತು.

ಮೊದಲ ಎರಡು ಹಾಡು ಒಳ್ಳೇದಾಗಿಯೇ ಬಂದವು. ಅವಳ ಕೊರಳಿನ ನರ ಹುರಿಗೊಂಡಿತ್ತು, ನಗುಮುಖವನ್ನು ಮಾತ್ರ ಬಿಡಲಿಲ್ಲ. ‘ಮೂರನೇ ಮಹಡಿ’ಯ ಕೊನೆಗೆ ಬಂದಾಗ ಅವಳು ಬಾಯಿ ಮುಚ್ಚಬೇಕಿತ್ತು, ನಾನು ಗಿಟಾರಿನಲ್ಲಿ ಇಳಿಸಿಕೊಂಡು ಮುಗಿಸಬೇಕಿತ್ತು. ಹಾಗೆ ಮಾತಾಗಿತ್ತು. ನಾನು ಇಳಿಸಲಿಲ್ಲ. ಅದೇ ಪಟ್ಟನ್ನು ಹಿಡಿದು ಮತ್ತೆ ಮತ್ತೆ ಬಾರಿಸಿದೆ. ಸಾಹುಕಾರನೂ ನಿಲ್ಲಿಸಲಿಲ್ಲ. ಅವಳು ತಿರುಗಿ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ, ಹೋಗು ಅಂತ. ಕೆಳಗಿನ ಶ್ರುತಿಯಲ್ಲಿದ್ದೇವೆ, ಅಣ್ಣ ಹೇಳುತ್ತಿದ್ದಾನೆ, ಏನೂ ಆಗುವುದಿಲ್ಲ ಅಂದುಕೊಂಡಿರಬೇಕು. ಹೋದಳು.

‘ಇಳಿದು ಬಾ’ ಎಂದು ಮೇಲೇರಿ, ತುದಿಯಲ್ಲಿ ದನಿ ಬಟ್ಟೆ ಹರಿದ ಹಾಗೆ ಹರಿಯಿತು. ಹರಿದು ನಿಂತಿತು. ಇಡೀ ಕೋಣೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಿರೂಪಕಿ ಗಾಜಿನ ಆಚೆ ಅಳುತ್ತಿದ್ದಳು, ದೇವರಾಣೆ. ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಇದನ್ನೇ, ಇದನ್ನೇ ನಾನು ಕೇಳಿದ್ದು" ಅಂದಳು. ಬಯಲು ವೇದಿಕೆಯ ಪಟ್ಟಿಗೆ ನಮ್ಮನ್ನು ಅಲ್ಲೇ ಸೇರಿಸಿಕೊಂಡರು!

ಪುಟ್ಟಿಗೆ ಮೈಕಿನಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳು ಅಂದರು. ಕೊರಳ ಮೇಲೆ ಕೈಯಿಟ್ಟುಕೊಂಡು ನಕ್ಕು, ಕೈಮುಗಿದಳು ಅಷ್ಟೆ. ಬಚ್ಚಲಿಗೆ ಹೋಗಿ ಉಗುಳಿದಾಗ ಕೆಂಪು ಇತ್ತಂತೆ. ಬಸ್ಸಿನಲ್ಲಿ ಸನ್ನೆ ಮಾಡಿ ತೋರಿಸಿದಳು.

ಮಾರ್ಚ್ 16, ಭಾನುವಾರ

ದನಿ ಬರುತ್ತಿಲ್ಲ. ಗಾಳಿಯೂ ಸರಿಯಾಗಿ ಬರುತ್ತಿಲ್ಲ.

ಮಾರ್ಚ್ 18, ಮಂಗಳವಾರ

ಮತ್ತೆ ಅದೇ ಕೊಳವೆ, ಅದೇ ಪರದೆ. ಬಿಳೀ ಮಡಿಕೆಗಳಲ್ಲಿ ಒಂದು ಪೂರ್ತಿ ಕಪ್ಪುಗೆಂಪು. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ಹೇಳಿದರು. ಮಾತು ಬರುತ್ತದೆ, ಒರಟಾಗಿ. ಗುಣವಾಗುವಾಗ ಕಲೆ ಉಳಿಯುತ್ತದೆ, ಆಪರೇಷನ್ ಬೇಕಾಗಬಹುದು. ಹಾಡುವುದು ಮುಗಿದ ಹಾಗೆ.

ಅಮ್ಮ ಕುರ್ಚಿಯಲ್ಲಿ ಕುಸಿದಳು. ಪುಟ್ಟಿ ಪರದೆಯಿಂದ ಕಣ್ಣು ಕೀಳಲಿಲ್ಲ.

"ಒಂದು ಸ್ವರ ಇಳಿಸಿಯೇ ಹಾಡಿದ್ದಾ?" ಎಂದು ಕೇಳಿದರು ಡಾಕ್ಟರು.

ಅವಳು ಹೌದೆಂದು ಜೋರಾಗಿ ತಲೆ ಆಡಿಸಿದಳು. ಸಾಲದು ಅಂತ ನನ್ನ ಕಡೆ ಬೆರಳು ತೋರಿಸಿದಳು, ಬೇಕಾದರೆ ಅಣ್ಣನನ್ನು ಕೇಳಿ ಅನ್ನುವ ಹಾಗೆ. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಕೈ ಮೇಲಕ್ಕೆತ್ತಿ ತೋರಿಸಿದಳು, ಕೊನೆಯ ಕೂಗು ತನ್ನದೇ ತಪ್ಪು ಅಂತ.

ಡಾಕ್ಟರು ನನ್ನನ್ನು ನೋಡಿದರು.

"ಹೌದು, ಇಳಿಸಿಯೇ" ಅಂದೆ.

ಬೇರೆ ಏನು ಹೇಳಬೇಕಿತ್ತು? ಆಗಿಹೋಗಿದ್ದು ಆಗಿಹೋಯಿತು. ನಿಜ ಹೇಳಿದರೆ ರಕ್ತ ವಾಪಸ್ ಹೋಗುತ್ತದೆಯೇ? ಅಮ್ಮನಿಗೆ ಇಬ್ಬರು ಮಕ್ಕಳೂ ಹೋದ ಹಾಗಾಗುತ್ತಿತ್ತು.

ಮಾರ್ಚ್ 30, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ಮನೆಯಲ್ಲಿ ಚಮಚದ ಸದ್ದೂ ಇಲ್ಲ. ಟಿಕೆಟ್ ಕಿಂಡಿಯಲ್ಲಿ ಮಾತಿಲ್ಲದೆ ಆಗುವುದಿಲ್ಲವೆಂದು ನಿಲ್ದಾಣದವರು ಅವಳನ್ನು ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಗೆ ಹಾಕಿದ್ದಾರೆ. ಹಗಲೆಲ್ಲ ಕೊಡೆ, ಚೀಲಗಳ ನಡುವೆ ಕೂತಿರುತ್ತಾಳೆ. ಊಟದ ಡಬ್ಬಿ ಕೊಡಲು ಹೋಗಿದ್ದೆ. ಹೊರಗೆ ಆ ಗಂಡಸು ಮೈಕಿನಲ್ಲಿ ಅಂಕಣದ ನಂಬರು ತಪ್ಪಾಗಿ ಹೇಳಿದ. ಇವಳ ತುಟಿ ಸರಿಯಾದ ನಂಬರನ್ನು ಹೇಳಿತು, ಸದ್ದಿಲ್ಲದೆ. ನೋಡಲಾರದೆ ಎದ್ದು ಬಂದೆ.

ಸಂಜೆ ಲಿಫ್ಟು ಗೋದಾಮಿಗೆ ಬಂದ, ಬೇಸ್ ಇಲ್ಲದೆ. ಬ್ಯಾಂಡು ಬಿಟ್ಟೆ ಅಂದ.

"ಅವಳಿಗೆ ನೀನು ಹೇಳ್ಬೇಕು" ಅಂದ.

"ಏನನ್ನ?"

"ನನ್ನ ಕೈಲಿ ಹೇಳ್ಸಬೇಡ. ನಾನೂ ಅವತ್ತು ಬಾಯಿ ಬಿಡ್ಲಿಲ್ಲ, ನನಗೂ ನಿದ್ದೆ ಬರ್ತಿಲ್ಲ." ಅವನ ಕಣ್ಣು ತುಂಬಿತ್ತು. ಇವನಿಗೇಕೆ ಇಷ್ಟು ಸಂಕಟವೋ. ತಂಗಿ ಯಾರವಳು, ಅವನವಳೋ ನನ್ನವಳೋ?

ಬೇಸ್ ಬಾರಿಸಲು ಸಾಹುಕಾರನ ಷಡ್ಡಕ ಒಪ್ಪಿದ್ದಾನೆ. ಹಾಡುವುದಕ್ಕೆ ಯಾರಾದರೂ ಸಿಗಬೇಕು. ವೇದಿಕೆಯವರು ಕಾಯುವುದಿಲ್ಲ.

ಏಪ್ರಿಲ್ 4, ಶುಕ್ರವಾರ

ಸಂಜೆ ನಮ್ಮ ಕಾರ್ಯಕ್ರಮ ಬಂತು. ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತೆವು. ಅಮ್ಮ ಕೇಳಲಾರೆ ಅಂದಳು, ಎದ್ದು ಹೋಗಲೂ ಇಲ್ಲ. ಪುಟ್ಟಿ ಗಿಟಾರು ತಂದು ತೊಡೆಯ ಮೇಲಿಟ್ಟುಕೊಂಡಳು, ಹಾಡಲಾಗದಿದ್ದರೆ ಜೊತೆಗೆ ಬಾರಿಸುತ್ತೇನೆ ಎಂದು ಸನ್ನೆ ಮಾಡಿ. ಡಾಕ್ಟರು ಈಗ ದಿನಕ್ಕೆ ನಾಲ್ಕು ಮಾತಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಅವಳು ಅದನ್ನೂ ಆಡುವುದಿಲ್ಲ.

ನಿರೂಪಕಿ ನಾನು ಬರೆದುಕೊಟ್ಟ ಪರಿಚಯವನ್ನು ಚೆಂದವಾಗಿ ಓದಿದಳು. "ಈ ಊರಿನ ಬಸ್ಸು ಹತ್ತಿದವರೆಲ್ಲ ಈ ದನಿಯನ್ನು ಕೇಳಿದ್ದೀರಿ. ಇವತ್ತು ಅದು ಹಾಡುತ್ತದೆ" ಅಂದಳು. ಆಮೇಲೆ ನಮ್ಮ ಹಾಡು. ರೇಡಿಯೋದಲ್ಲಿ ಎಷ್ಟು ತುಂಬಿಕೊಂಡಿತ್ತು! ನನಗೆ ರೋಮಾಂಚನವಾಯಿತು. ತಪ್ಪೇನಿದೆ, ಆಯಿತು.

ಪುಟ್ಟಿ ಮೊದಲ ಪಟ್ಟು ಬಾರಿಸಿದಳು. ಕೂಡಲಿಲ್ಲ. ಬೆರಳು ಸರಿ ಇದೆಯೇ ಎಂದು ಬಗ್ಗಿ ನೋಡಿದಳು. ಮತ್ತೆ ಬಾರಿಸಿದಳು. ರೇಡಿಯೋದ ಗಿಟಾರು ಮೇಲಿತ್ತು, ಅವಳ ಕೈಯಲ್ಲಿದ್ದ ಅದೇ ಗಿಟಾರು ಪೂರ್ತಿ ಒಂದು ಸ್ವರ ಕೆಳಗಿತ್ತು. ಅವತ್ತು ಸ್ಟುಡಿಯೋದಿಂದ ಮನೆಗೆ ಬಂದವನೇ ಇಳಿಸಿಟ್ಟಿದ್ದೆ.

"ಅಣ್ಣಾ" ಅಂದಳು. ಮರಳಿನ ಮೇಲೆ ಏನೋ ಎಳೆದ ಹಾಗಿತ್ತು ದನಿ. "ಇದು ಕೂಡ್ತಿಲ್ಲ."

"ರೇಡಿಯೋದಲ್ಲಿ ಬರುವಾಗ ಸ್ವಲ್ಪ ಏರತ್ತೆ ಪುಟ್ಟಿ, ಅವರ ಯಂತ್ರಾನೇ ಹಾಗೆ" ಅಂದೆ.

ಅವಳು ಇಷ್ಟು ವರ್ಷ ಮೈಕಿನ ಮುಂದೆ ಕೂತು ದುಡಿದವಳು. ನನ್ನ ಮುಖವನ್ನೇ ನೋಡಿ, ಸರಿ ಅನ್ನುವಂತೆ ತಲೆ ಆಡಿಸಿದಳು. ಗಿಟಾರನ್ನು ಗೋಡೆಗೆ ಒರಗಿಸಿ ಕೊನೆಯ ಹಾಡಿನ ಕೊನೆಯ ತನಕ ಕೂತು ಕೇಳಿದಳು. ದನಿ ಹರಿಯುವ ಜಾಗ ಬಂದಾಗ ನಿರೂಪಕಿ, "ಇದನ್ನು ಹೇಳಿಕೊಟ್ಟು ಬರಿಸಲಾಗುವುದಿಲ್ಲ" ಅಂದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ನಂಬಿದಳು ಅಂದುಕೊಂಡಿದ್ದೇನೆ. ನಂಬದೆ ಏನು, ನಾನೇನು ಹೊರಗಿನವನೇ.

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಗೋದಾಮಿಗೆ ಹೊರಡಲು ಗಿಟಾರು ಎತ್ತಿಕೊಂಡೆ. ತಂತಿ ಮುಟ್ಟಿದ ಕೂಡಲೇ ಗೊತ್ತಾಯಿತು. ಆರೂ ತಂತಿ ಬಿಗಿಯಾಗಿದ್ದವು. ನಾನು ಸ್ಟುಡಿಯೋದ ಮೂಲೆಗೆ ತಿರುಗಿ ನಿಂತು ಎಲ್ಲಿಗೆ ಏರಿಸಿದ್ದೆನೋ ಸರಿಯಾಗಿ ಅಲ್ಲಿಗೆ. ಶ್ರುತಿ ನೋಡುವ ಯಂತ್ರವನ್ನು ಕಳಚಿ ನನ್ನ ಚೀಲದಲ್ಲೇ ಇಟ್ಟಿದ್ದೆ. ಅವಳು ಕಿವಿಯಿಂದಲೇ ಕೂರಿಸಿದ್ದಳು, ರೇಡಿಯೋದಲ್ಲಿ ಕೇಳಿದ್ದನ್ನು ನೆನಪಿಟ್ಟುಕೊಂಡು.

ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ಕೆಲಸಕ್ಕೆ. ನನ್ನ ಕೈಯಲ್ಲಿ ಗಿಟಾರು ನೋಡಿದಳು. ಹೊಸ ಹಾಡುಗಾರ್ತಿ ಇವತ್ತು ಬರುತ್ತಾಳೆ ಅನ್ನುವುದನ್ನು ನಾನು ಅವಳಿಗೆ ಹೇಳಿರಲಿಲ್ಲ. ಸಾಹುಕಾರ ಅಮ್ಮನಿಗೆ ಹೇಳಿದ್ದನೋ ಏನೋ.

"ಪುಟ್ಟಿ..." ಅಂದೆ.

"ಬರೋ ಹುಡುಗಿಗೆ ಹೇಳ್ಬಿಟ್ಟು ಏರಿಸು" ಅಂದಳು. ಅಷ್ಟೇ. ಅಣ್ಣ ಅನ್ನಲಿಲ್ಲ. ಬಾಗಿಲು ಎಳೆದುಕೊಂಡು ಹೋದಳು. ಅಮ್ಮ ಒಳಗಿನಿಂದ, "ಏನಂದಳೋ ಅವಳು? ಮಾತಾಡಿದಳಾ?" ಎಂದು ಖುಷಿಯಿಂದ ಓಡಿ ಬಂದಳು. ಏನಿಲ್ಲ, ಬರ್ತೀನಿ ಅಂದಳು ಅಂದೆ.

ಮಧ್ಯಾಹ್ನ ಹೊಸ ಹುಡುಗಿ ಬಂದಳು. ಕಾಲೇಜು ಮುಗಿಸಿದವಳು, ಧೈರ್ಯ ಇದೆ, ದನಿ ಸುಮಾರು. ಹಾಸಿಗೆಗಳ ನಡುವೆ ನಿಂತು, "ರೇಡಿಯೋದಲ್ಲಿ ಹಾಡಿದ್ರಲ್ಲ, ಅವರ್ಯಾರು? ಅಬ್ಬಾ!" ಅಂದಳು.

"ಮೊದಲು ಹಾಡ್ತಾ ಇದ್ದವಳು" ಅಂದೆ. ಸಾಹುಕಾರ ತಲೆ ತಗ್ಗಿಸಿ ಡ್ರಮ್ಮಿನ ತಿರುಪು ಬಿಗಿ ಮಾಡತೊಡಗಿದ.

‘ಮೂರನೇ ಮಹಡಿ’ ಶುರು ಮಾಡಿದೆವು. ಎರಡು ಸಾಲಿಗೇ ಅವಳು ಕೈಯೆತ್ತಿ ನಿಲ್ಲಿಸಿದಳು. "ಸರ್, ಇದು ನನಗೆ ಮೇಲಾಯ್ತು. ಗಂಟಲು ಹಿಡ್ಕೊಳ್ತಿದೆ. ಒಂಚೂರು ಇಳಿಸ್ತೀರಾ?"

"ಅದಕ್ಕೇನಂತೆ" ಅಂದೆ. ಬಿರಡೆ ತಿರುಗಿಸಿ ಪೂರ್ತಿ ಒಂದು ಸ್ವರ ಇಳಿಸಿದೆ. ಅವಳು ಹಾಡಿದಳು. ಇಳಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.